ನಡೆದ ದಾರಿ, ಬರೆದ ದಾರಿ

ಎಳ್ಳ ಅಮಾವಾಸ್ಯೆಯ ದಿನ ಕಲಬುರಗಿಯ ಪೇಟೆ ಬೀದಿಗಳು ಬಣಗುಟ್ಟುತ್ತವೆ. ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಶೇಂಗಾ ಹೋಳಿಗೆಯ ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೊರಡುತ್ತಾರೆ. ಹೊಲವಿದ್ದವರು ತಮ್ಮ ಹೊಲಕ್ಕೆ. ಇಲ್ಲದವರು ಬೀಗರ, ಗೆಳೆಯರ ಹೊಲಕ್ಕೆ. ಪೈರಿನ ನಡುವೆ ಚರಗ ಚೆಲ್ಲಿ, ಗಿಡದ ನೆರಳಲ್ಲಿ ಉಂಡು, ಸಂಜೆಗೆ ಮರಳುತ್ತಾರೆ. ಕಲಬುರಗಿಯಿಂದ ಹುಮನಾಬಾದಿನ ಹೆದ್ದಾರಿಯಲ್ಲಿ ಸುಮಾರು 35 ಕಿ.ಮೀ. ದೂರದ ಕಮಲಾಪುರದ ಕಡೆಗೂ ಹೀಗೆ ಹೋಗುವವರಿದ್ದಾರೆ. ಹೆದ್ದಾರಿಯಲ್ಲಿ ಬಸ್ಸಿಳಿದ ಮೇಲೆ ಉಳಿಯುವುದು ಬಂಡಿದಾರಿ; ಅದು ಮುಗಿದ ಮೇಲೆ ಕಾಲುದಾರಿ; ಅದೂ ಮುಗಿದಾಗ ಯಾರದೋ ಹೊಲದ ಬದು.

ಆ ಬದುವಿನ ಮೇಲೆ ನಡೆಯಲು ಯಾರ ಅಪ್ಪಣೆ ಬೇಕು? ಹಬ್ಬದ ದಿನ ಈ ಪ್ರಶ್ನೆ ಯಾರಿಗೂ ಹೊಳೆಯುವುದಿಲ್ಲ. ಉಳಿದ ದಿನಗಳಲ್ಲಿ ತೊಗರಿ ಕೊಯ್ಯಲು ಹೋಗುವ ಕೂಲಿ ಹೆಣ್ಣುಮಕ್ಕಳಿಗೆ, ಹಿಂಡು ಹೊಡೆದುಕೊಂಡು ಹೋಗುವ ಕುರಿಗಾರನಿಗೆ, ನಾಲ್ಕು ಹೊಲ ದಾಟಿ ತನ್ನ ತುಂಡು ನೆಲ ಮುಟ್ಟಬೇಕಾದ ಒಳಹೊಲದ ರೈತನಿಗೆ ಹೊಳೆಯುತ್ತದೆ. ಮುಳ್ಳುಬೇಲಿ ಬಿದ್ದ ದಿನ ಅವರು ತಹಸೀಲ ಕಚೇರಿಗೆ ಹೋದರೆ ಅಲ್ಲಿ ಕೇಳುವ ಮೊದಲ ಮಾತು ಒಂದೇ: ‘ನಕಾಶೆಯಲ್ಲಿ ದಾರಿ ಇದೆಯೇ?’

ಅಜ್ಜನ ಕಾಲದಿಂದ ನಡೆದ ದಾರಿಗಿಂತ ಕಾಗದದ ಮೇಲಿನ ಗೆರೆಗೆ ಹೆಚ್ಚು ಬಲ. ಹಾಗಾದರೆ ಆ ಗೆರೆಯನ್ನು ಎಳೆದವರು ಯಾರು, ಎಳೆಯುವಾಗ ಯಾರನ್ನು ಕೇಳಿದರು ಎಂಬುದು ಸಣ್ಣ ವಿಷಯವಲ್ಲ.

ಸರಪಳಿ ಹಿಡಿದು ಬಂದ ಮೋಜಣಿ

ಕಲಬುರಗಿ ಸೀಮೆ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದ ಭಾಗ. ಅಲ್ಲಿ ದಿವಾನ ಮೊದಲನೆಯ ಸಾಲಾರ್ ಜಂಗ್ 1860ರ ದಶಕದಲ್ಲಿ ಜಿಲಾಬಂದಿ ಎಂಬ ಆಡಳಿತ ಸುಧಾರಣೆ ತಂದು ಸಂಸ್ಥಾನವನ್ನು ಜಿಲ್ಲೆಗಳಾಗಿ ವಿಂಗಡಿಸಿದರು. ಅದರ ಹಿಂದೆಯೇ ಭೂಮಿಯ ಮೋಜಣಿ ಬಂತು. ನೆರೆಯ ಮುಂಬಯಿ ಪ್ರಾಂತದ ರೈತವಾರಿ ಪದ್ಧತಿಯೇ ಅದಕ್ಕೆ ಮಾದರಿ.

ಮೋಜಣಿದಾರನ ಕೈಯಲ್ಲಿದ್ದದ್ದು 33 ಅಡಿ ಉದ್ದದ ಕಬ್ಬಿಣದ ಸರಪಳಿ. ರೂಪಾಯಿಗೆ 16 ಆಣೆ ಇದ್ದಂತೆ ಸರಪಳಿಗೂ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲವೇ ಒಂದು ಗುಂಟೆ, ಅಂದರೆ 1,089 ಚದರ ಅಡಿ. ಅಂಥ 40 ಗುಂಟೆಗೆ ಒಂದು ಎಕರೆ. ಇಂದಿಗೂ ರೈತರ ಬಾಯಲ್ಲಿರುವ ಗುಂಟೆಯ ಲೆಕ್ಕ ಈ ಸರಪಳಿಯದೇ. ಹೊಲಗಳನ್ನು ಅಳೆದು, ಮೂಲೆಗೆ ಕಲ್ಲು ನೆಟ್ಟು, ಒಂದೊಂದಕ್ಕೂ ಸರ್ವೆ ನಂಬರು ಕೊಟ್ಟು, ಎಲ್ಲವನ್ನೂ ಕೂಡಿಸಿ ಊರಿನ ನಕಾಶೆ ಬರೆಯುತ್ತಿದ್ದರು.

ಈ ಇಡೀ ಸಾಹಸದ ಉದ್ದೇಶ ಒಂದೇ: ಯಾವ ಹೊಲದಿಂದ ಎಷ್ಟು ಕಂದಾಯ ಬರಬೇಕೆಂದು ಗೊತ್ತುಮಾಡುವುದು. ಬೆಳೆಯುವ ನೆಲಕ್ಕೆ ಕಂದಾಯ. ಬೆಳೆಯದ ನೆಲವನ್ನು ಲೆಕ್ಕದಿಂದ ಕಳೆಯಬೇಕು. ಹಳ್ಳ, ಬಂಡೆ, ಸ್ಮಶಾನ, ದಾರಿಗಳೆಲ್ಲ ನಕಾಶೆಗೆ ಬಂದದ್ದು ಹೀಗೆ ಕಳೆಯಬೇಕಾದ ಬಾಬತ್ತುಗಳಾಗಿ. ನಡೆಯುವವನ ಹಕ್ಕನ್ನು ಕಾಯಲೆಂದು ಯಾರೂ ದಾರಿಯನ್ನು ಗುರುತಿಸಲಿಲ್ಲ. ಅಳತೆಯ ವೇಳೆ ಗೌಡರು, ಪಟವಾರಿ, ಪಕ್ಕದ ಹೊಲದವರು ಹಾಜರಿರುತ್ತಿದ್ದರು. ಹೊಲವೇ ಇಲ್ಲದ ಕೂಲಿಕಾರನನ್ನೋ, ವರ್ಷಕ್ಕೊಮ್ಮೆ ಹಾದುಹೋಗುವ ಕುರಿಗಾರನನ್ನೋ ಕರೆದು ‘ನೀವು ಎತ್ತ ನಡೆಯುತ್ತೀರಿ’ ಎಂದು ಕೇಳಬೇಕಾದ ಕಾರಣ ಆ ಪದ್ಧತಿಯಲ್ಲಿರಲಿಲ್ಲ.

ಜಹಗೀರು, ಪಾಯಗಾಗಳ ಹಳ್ಳಿಗಳ ಕತೆ ಬೇರೆ. ಅಲ್ಲಿ ಕಂದಾಯ ಜಹಗೀರುದಾರನ ಪಾಲು, ಲೆಕ್ಕಪತ್ರವೂ ಅವನದೇ. 1949ರಲ್ಲಿ ಜಹಗೀರುಗಳು ರದ್ದಾದ ಮೇಲೆಯೇ ಅವು ಸರಕಾರದ ಸಾಮಾನ್ಯ ಆಡಳಿತಕ್ಕೆ ಬಂದವು. 1956ರ ನವೆಂಬರ್ 1ರಂದು ಗುಲ್ಬರ್ಗಾ ಜಿಲ್ಲೆ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. ಹೈದರಾಬಾದಿನ 1317 ಫಸಲಿಯ ಭೂಕಂದಾಯ ಕಾಯ್ದೆಯ ಜಾಗಕ್ಕೆ 1964ರ ಭೂಕಂದಾಯ ಅಧಿನಿಯಮ ಬಂತು. ರಾಜ್ಯ ಬದಲಾಯಿತು, ಕಾಯ್ದೆ ಬದಲಾಯಿತು. ಹಳೆಯ ಮೋಜಣಿ ನಡೆದಿದ್ದ ಊರುಗಳಲ್ಲಿ ದಾರಿಯ ಜಗಳಕ್ಕೆ ಆ ನಕಾಶೆಯೇ ಆಧಾರವಾಗಿ ಮುಂದುವರಿಯಿತು.

ಚುಕ್ಕೆಗೆರೆಯ ಅರ್ಥ

ಊರ ನಕಾಶೆಯ ಸಾಮಾನ್ಯ ಅಳತೆ ಮೈಲಿಗೆ 8 ಅಂಗುಲ. ಅಂದರೆ ನೆಲದ ಮೇಲಿನ 660 ಅಡಿ ಕಾಗದದ ಮೇಲೆ ಒಂದು ಅಂಗುಲವಾಗುತ್ತದೆ. ಒಂದು ಸರಪಳಿ ಅಗಲದ ರಸ್ತೆ ಈ ಅಳತೆಯಲ್ಲಿ ಅಂಗುಲದ ಇಪ್ಪತ್ತನೇ ಒಂದು ಭಾಗ. ಮೂರಡಿಯ ಕಾಲುದಾರಿಯಂತೂ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ತುಸು ಹೆಚ್ಚು; ಅದನ್ನು ಯಾವ ಲೇಖನಿಯೂ ಅಳತೆಗೆ ಸರಿಯಾಗಿ ಬರೆಯಲಾರದು. ಆದ್ದರಿಂದ ಸಂಕೇತಗಳು ಬಂದವು. ಎರಡು ಸಾಲು ಚುಕ್ಕೆಗೆರೆ ಇದ್ದರೆ ಬಂಡಿದಾರಿ, ಒಂದೇ ಸಾಲಿದ್ದರೆ ಕಾಲುದಾರಿ.

ಜಗಳ ಹುಟ್ಟುವುದು ಇಲ್ಲಿಯೇ. ಗೆರೆ ಕಂಡಿತೆಂದರೆ ದಾರಿಯ ನೆಲ ಸರಕಾರದ್ದೆಂದು ಅನೇಕರು ತಿಳಿಯುತ್ತಾರೆ. ಅದಕ್ಕೆ ಪಹಣಿಯನ್ನೂ ನೋಡಬೇಕು. ಪಹಣಿಯಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ ಖರಾಬು ಎಂಬ ಕಲಮು ಇರುತ್ತದೆ. ಕಲಬುರಗಿ ಕಡೆಯ ಮಾತಿನಲ್ಲಿ ಪೋಟಖರಾಬ. ಅದರಲ್ಲಿ ಎರಡು ಬಗೆ. ಮೋಜಣಿಯ ಕಾಲಕ್ಕೆ ಬೇಸಾಯಕ್ಕೆ ಬಾರದ ನೆಲ, ಹೊಲದವನ ಕಣ, ಕೊಟ್ಟಿಗೆ ಮೊದಲಾದವು ‘ಅ’ ಖರಾಬು; ಇದು ಹೊಲದವನದೇ. ರಸ್ತೆ, ಮಾನ್ಯ ಕಾಲುದಾರಿ, ಇತರರೂ ನೀರು ಬಳಸುವ ಕೆರೆ ಹಳ್ಳ, ಸ್ಮಶಾನ ಇವೆಲ್ಲ ‘ಬ’ ಖರಾಬು. ಇದು ಸಾರ್ವಜನಿಕ ಉಪಯೋಗದ್ದು. 1966ರ ಭೂಕಂದಾಯ ನಿಯಮಗಳಲ್ಲಿ ಈ ವಿಂಗಡಣೆ ಸ್ಪಷ್ಟವಾಗಿದೆ. ಸಾರ್ವಜನಿಕ ರಸ್ತೆ, ಓಣಿ, ದಾರಿಗಳೆಲ್ಲ ಸರಕಾರದ ಸ್ವತ್ತೆಂದು 1964ರ ಅಧಿನಿಯಮದ 67ನೇ ಕಲಮು ಹೇಳುತ್ತದೆ.

ಹೀಗಾಗಿ ಚುಕ್ಕೆಗೆರೆಯ ಜೊತೆಗೆ ‘ಬ’ ಖರಾಬಿನಲ್ಲಿ ನಾಲ್ಕು ಗುಂಟೆ ಬಿಟ್ಟಿದ್ದರೆ ದಾರಿಗೆ ಗಟ್ಟಿ ಆಧಾರ ಸಿಕ್ಕಂತೆ. ಗೆರೆಯಿದ್ದು ಗುಂಟೆ ಬಿಡದಿದ್ದರೆ ವಾದಕ್ಕೆ ಎಡೆ. ಗೆರೆಯೂ ಇಲ್ಲ, ಗುಂಟೆಯೂ ಇಲ್ಲ ಎಂದಾದರೆ ಉಳಿಯುವುದು ವಹಿವಾಟಿನ ಹಕ್ಕು. ಇಪ್ಪತ್ತು ವರ್ಷ ಬಹಿರಂಗವಾಗಿ, ಅಡೆತಡೆಯಿಲ್ಲದೆ, ತನ್ನ ಹಕ್ಕೆಂದೇ ನಡೆದಿದ್ದರೆ ಕಾನೂನು ಆ ದಾರಿಯನ್ನು ಮನ್ನಿಸುತ್ತದೆ. ಆದರೆ ಇದನ್ನು ಸಿವಿಲ್ ನ್ಯಾಯಾಲಯದಲ್ಲಿ ಸಾಕ್ಷಿ ಹಾಕಿ ಸಾಧಿಸಬೇಕು. ಅಡ್ಡಿ ಬಿದ್ದ ಎರಡು ವರ್ಷದೊಳಗೆ ದಾವೆ ಹೂಡದಿದ್ದರೆ ಆ ಇಪ್ಪತ್ತು ವರ್ಷದ ಲೆಕ್ಕವೇ ಕೈಕೊಡುತ್ತದೆ. ದಿನಗೂಲಿಯವನಿಗೆ ಈ ಹಾದಿ ಮುಳ್ಳುಬೇಲಿಗಿಂತ ಕಠಿಣ.

ಮೊದಲು ಇಷ್ಟೊಂದು ಲೆಕ್ಕ ಬೇಕಿರಲಿಲ್ಲವೆಂಬುದೂ ನಿಜ. ಎರೆಭೂಮಿಯ ಈ ಸೀಮೆಯಲ್ಲಿ ಜೋಳದ ಸುಗ್ಗಿ ಮುಗಿದರೆ ಹೊಲಗಳೆಲ್ಲ ಬಯಲು. ದನ ಮೇಯುತ್ತಿದ್ದವು, ಗೊಬ್ಬರದಾಸೆಗೆ ರೈತರೇ ಕುರಿಹಿಂಡನ್ನು ಕರೆದು ಹೊಲದಲ್ಲಿ ತರುಬಿಸುತ್ತಿದ್ದರು. ನಡೆಯುವವನು ಮೂಗಿನ ನೇರಕ್ಕೆ ನಡೆಯುತ್ತಿದ್ದ. ಬಾವಿ, ಕೊಳವೆಬಾವಿಗಳು ಬಂದು ಹೊಲ ತೋಟವಾದ ಕಡೆ ಈ ವಾಡಿಕೆ ನಿಂತಿತು. ಕಮಲಾಪುರದ ಹೆಸರನ್ನು ದೂರದೂರಕ್ಕೆ ಒಯ್ದ ಕೆಂಪು ಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಆದರೆ ಬಾಳೆಯ ತೋಟ ಜೋಳದ ಹೊಲದಂತೆ ಸುಗ್ಗಿಯಾದ ಮೇಲೆ ಬಯಲಾಗುವುದಿಲ್ಲ. ನೀರು ಹಾಯಿಸಿ ಬೆಳೆಸಿದ ಬೆಳೆಗೆ ಬೇಲಿ ಬೇಕೇ ಬೇಕು. ಅದರಲ್ಲಿ ತೋಟದವನ ತಪ್ಪಿಲ್ಲ. ಬೆಳೆ ಬದಲಾದಾಗ ದಾರಿಯ ಲೆಕ್ಕವನ್ನೂ ಯಾರಾದರೂ ಮರುಬರೆಯಬೇಕಿತ್ತು, ಬರೆಯಲಿಲ್ಲ ಅಷ್ಟೆ. ಮುಂದೆ ‘ನಮ್ಮ ಹೊಲ ನಮ್ಮ ದಾರಿ’ ಎಂಬ ಹೆಸರಿನಲ್ಲಿ ಉದ್ಯೋಗ ಖಾತರಿ ಯೋಜನೆಯ ಅಡಿ ಹೊಲದ ದಾರಿಗಳಿಗೆ ಮಣ್ಣು, ಮುರ್ರಂ ಹಾಕುವ ಕೆಲಸವನ್ನು ರಾಜ್ಯ ಸರಕಾರ ಕೈಗೊಂಡಿತು. ಅಲ್ಲಿಯೂ ದಾರಿ ಎಲ್ಲಿದೆ ಎಂಬುದು ಗೊತ್ತಾದ ಮೇಲೆಯೇ ಬುಟ್ಟಿ ಗುದ್ದಲಿಗೆ ಕೆಲಸ.

ಇಂಗ್ಲೆಂಡ್ ಕೇಳಿದ ಪ್ರಶ್ನೆ

ನಡೆಯುವವರನ್ನೂ ಕೇಳಿ ನಕಾಶೆ ಬರೆಯಲು ಸಾಧ್ಯವೇ? ಇಂಗ್ಲೆಂಡ್ ಒಂದು ಪ್ರಯತ್ನ ಮಾಡಿತು. ಅದರ ಹಿಂದೆ ದೊಡ್ಡ ಹೋರಾಟದ ಕತೆಯಿದೆ. ಅಲ್ಲಿನ ಬೆಟ್ಟ, ಬಯಲುಗಳನ್ನು ಜಮೀನುದಾರರು ಬೇಟೆಗಾಗಿ ಮುಚ್ಚಿಟ್ಟಿದ್ದರು. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಸುತ್ತಲಿನ ನೂರಾರು ಯುವಕ ಯುವತಿಯರು ಕಿಂಡರ್ ಸ್ಕೌಟ್ ಎಂಬ ಎತ್ತರದ ಬಯಲಿಗೆ ಬೇಕೆಂದೇ ಅತಿಕ್ರಮಿಸಿ ನಡೆದರು. ಮುಂದಾಳು ಬೆನ್ನಿ ರಾತ್‌ಮನ್ ಸೇರಿ ಐವರಿಗೆ ಸೆರೆವಾಸವಾಯಿತು. 1949ರಲ್ಲಿ ಬಂದ ಕಾಯ್ದೆ ಪ್ರತಿ ಕೌಂಟಿಯೂ ತನ್ನ ಕಾಲುದಾರಿಗಳ ಅಧಿಕೃತ ನಕಾಶೆ ಮಾಡಬೇಕೆಂದು ವಿಧಿಸಿತು. ದಾರಿಯಿಂದಾಚೆ ಬಯಲಿನಲ್ಲೂ ಅಡ್ಡಾಡುವ ಹಕ್ಕು ಸಿಗಲು 2000ದ ಕಾಯ್ದೆಯವರೆಗೆ ಕಾಯಬೇಕಾಯಿತು.

ಬೆಟ್ಟ, ಹುಲ್ಲುಬಯಲು, ಕುರುಚಲು ಬಯಲು, ಊರೊಟ್ಟಿನ ಭೂಮಿ ಇವುಗಳಲ್ಲಿ ಯಾರು ಬೇಕಾದರೂ ನಡೆಯಬಹುದೆಂದು ಈ ಕಾಯ್ದೆ ಹೇಳಿತು. ಆದರೆ ಹುಲ್ಲುಬಯಲು ಎಲ್ಲಿಗೆ ಮುಗಿದು ಹೊಲ ಎಲ್ಲಿಂದ ಶುರುವಾಗುತ್ತದೆ? ಇದನ್ನು ತೀರ್ಮಾನಿಸಲು ಗ್ರಾಮಾಂತರ ಪ್ರದೇಶದ ಸರಕಾರಿ ಸಂಸ್ಥೆಯೊಂದು ದೇಶವನ್ನು ಎಂಟು ವಲಯಗಳಾಗಿ ವಿಂಗಡಿಸಿ 2001ರಿಂದ ಕರಡು ನಕಾಶೆಗಳನ್ನು ಪ್ರಕಟಿಸಿತು. ಪ್ರತಿ ವಲಯಕ್ಕೂ ಮೂರು ತಿಂಗಳ ಕಾಲಾವಕಾಶ. ಊರೂರಿಗೆ ಹೋಗಿ ಪ್ರದರ್ಶನ ಏರ್ಪಡಿಸಿ ನಕಾಶೆ ತೋರಿಸಿದರು. ‘ನನ್ನ ಹುಲ್ಲುಗಾವಲನ್ನು ತಪ್ಪಾಗಿ ಸೇರಿಸಿದ್ದೀರಿ’ ಎಂದು ರೈತ ಹೇಳಬಹುದಿತ್ತು. ‘ಈ ಗುಡ್ಡವನ್ನು ಬಿಟ್ಟಿದ್ದೀರಿ’ ಎಂದು ನಡೆಯುವವನೂ ಹೇಳಬಹುದಿತ್ತು. ಇಬ್ಬರ ಮಾತೂ ಒಂದೇ ಕಡತಕ್ಕೆ ಸೇರುತ್ತಿತ್ತು.

ಮುಂದಿನ ಹಂತದಲ್ಲಿ ಈ ಸಮಾನತೆ ಇರಲಿಲ್ಲ. ತಿದ್ದಿದ ತಾತ್ಕಾಲಿಕ ನಕಾಶೆಯ ಮೇಲೆ ಮೇಲ್ಮನವಿ ಹೋಗುವ ಅವಕಾಶ ಜಮೀನಿನಲ್ಲಿ ಹಿತಾಸಕ್ತಿಯುಳ್ಳವರಿಗೆ ಮಾತ್ರ. ಬಿಟ್ಟುಹೋದ ಬಯಲನ್ನು ಸೇರಿಸಿಕೊಳ್ಳಿರೆಂದು ನಡೆಯುವವರು ಮೇಲ್ಮನವಿ ಸಲ್ಲಿಸುವಂತಿರಲಿಲ್ಲ. ಅವರ ಮಾತಿಗೆ ಬೆಲೆಯಿದ್ದದ್ದು ನಕಾಶೆ ಕರಡಾಗಿದ್ದ ಆ ಮೂರು ತಿಂಗಳಷ್ಟೆ. ಕೊನೆಗೆ 2004ರ ಸೆಪ್ಟೆಂಬರ್‌ನಿಂದ 2005ರ ಅಕ್ಟೋಬರ್‌ವರೆಗೆ ವಲಯಗಳು ಒಂದೊಂದಾಗಿ ತೆರೆದವು. ಸುಮಾರು 8.65 ಲಕ್ಷ ಹೆಕ್ಟೇರ್ ನೆಲ ನಡೆಯುವವರಿಗೆ ದಕ್ಕಿತು.

ಅದೇ ಕಾಯ್ದೆ ಇನ್ನೊಂದು ಕಟ್ಟುನಿಟ್ಟನ್ನೂ ತಂದಿತ್ತು. 1949ಕ್ಕಿಂತ ಹಳೆಯದಾಗಿದ್ದೂ ಅಧಿಕೃತ ನಕಾಶೆಗೆ ಸೇರದ ಕಾಲುದಾರಿಗಳನ್ನು 2026ರ ಜನವರಿ 1ರೊಳಗೆ ದಾಖಲಿಸದಿದ್ದರೆ ಅವುಗಳ ಮೇಲಿನ ಹಕ್ಕು ಅಳಿದುಹೋಗುತ್ತದೆಂಬ ಗಡುವು ಅದು. ನಡಿಗೆಯ ಸಂಘಗಳು ಹಳೆಯ ನಕಾಶೆ, ಚರ್ಚಿನ ದಫ್ತರುಗಳನ್ನು ತಡಕಾಡಿ ಕಳೆದ ದಾರಿಗಳನ್ನು ಹುಡುಕಿದವು. ಗಡುವು 2031ಕ್ಕೆ ಮುಂದೆ ಹೋಯಿತು; ಅದನ್ನೇ ರದ್ದುಮಾಡುವುದಾಗಿ ಅಲ್ಲಿನ ಸರಕಾರ 2024ರ ಡಿಸೆಂಬರ್‌ನಲ್ಲಿ ಘೋಷಿಸಿತು. ಬರೆಯದ್ದು ಇಲ್ಲವೆಂದೇ ಅರ್ಥ ಎಂಬ ತತ್ವ ಎಷ್ಟು ಅಪಾಯದ್ದೆಂದು ಅರಿವಾಗಲು ಕಾಲು ಶತಮಾನ ಹಿಡಿಯಿತು. ಪಕ್ಕದ ಸ್ಕಾಟ್ಲೆಂಡ್ 2003ರಲ್ಲಿ ನಕಾಶೆಯ ಗೊಡವೆಯೇ ಬೇಡವೆಂದು, ಮನೆಯಂಗಳ ಮತ್ತು ಬೆಳೆಯಿರುವ ನೆಲ ಬಿಟ್ಟು ಬಹುತೇಕ ಎಲ್ಲ ಕಡೆ ಜವಾಬ್ದಾರಿಯಿಂದ ನಡೆಯುವ ಹಕ್ಕು ಕೊಟ್ಟಿತು. ಸುಗ್ಗಿಯ ನಂತರದ ನಮ್ಮ ಹಳ್ಳಿಯ ವಾಡಿಕೆಗೆ ಇದು ಹೆಚ್ಚು ಹತ್ತಿರ.

ನಮ್ಮಲ್ಲಿ ತೆರೆಯುವ ಬಾಗಿಲುಗಳು

ನಮ್ಮ ಕಾನೂನಿನಲ್ಲಿ ಜನರನ್ನು ಕೇಳುವ ಪದ್ಧತಿಯೇ ಇಲ್ಲವೆನ್ನಲಾಗದು. ಬಾಗಿಲುಗಳಿವೆ, ಅವು ಬೇರೆಬೇರೆ ಕಚೇರಿಗಳಲ್ಲಿ, ಬೇರೆಬೇರೆ ಹೊತ್ತಿಗೆ ತೆರೆದು ಮುಚ್ಚುತ್ತವೆ.

ಮೊದಲನೆಯದು ಅರಣ್ಯದ್ದು. 1963ರ ಕರ್ನಾಟಕ ಅರಣ್ಯ ಅಧಿನಿಯಮದಂತೆ ಒಂದು ಪ್ರದೇಶವನ್ನು ಮೀಸಲು ಅರಣ್ಯ ಮಾಡಬೇಕಾದರೆ ಮೊದಲು 4ನೇ ಕಲಮಿನ ಅಧಿಸೂಚನೆ. ಆಮೇಲೆ ಅರಣ್ಯ ವ್ಯವಸ್ಥಾಪನಾಧಿಕಾರಿ ಸುತ್ತಲಿನ ಊರುಗಳಲ್ಲಿ ಸಾರಿ ಹೇಳಿ, ಹಕ್ಕುದಾರರು ಮುಂದೆ ಬರಲೆಂದು ಕನಿಷ್ಠ ಮೂರು ತಿಂಗಳ ಅವಕಾಶ ಕೊಡಬೇಕು. ನಡೆಯುವ ದಾರಿ, ದನ ಮೇಯಿಸುವುದು, ನೀರಿನ ಹರಿವು, ಕಾಡಿನ ಉತ್ಪನ್ನ ಎಲ್ಲವೂ ಕೇಳಬಹುದಾದ ಹಕ್ಕುಗಳೇ. ವಿಚಾರಣೆ ಮುಗಿದು 17ನೇ ಕಲಮಿನ ಅಂತಿಮ ಅಧಿಸೂಚನೆ ಹೊರಟ ಮೇಲೆ, ಕೇಳದೆ ಬಿಟ್ಟ ಹಕ್ಕು ಅಳಿದಂತೆಯೇ. ಡಂಗುರದ ದಿನ ಹಿಂಡಿನ ಜೊತೆ ದೂರದ ಸೀಮೆಯಲ್ಲಿದ್ದ ಕುರಿಗಾರ ಹೇಗೆ ಕೇಳಿಯಾನು? ಕಮಲಾಪುರದ ನೆರೆಯ ಚಿಂಚೋಳಿಯ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ಸುಮಾರು 135 ಚದರ ಕಿ.ಮೀ.ನ ಈ ಒಣಭೂಮಿಯ ಕಾಡಿನ ರಕ್ಷಣೆ ಜಿಲ್ಲೆಗೆ ಹೆಮ್ಮೆಯ ಸಂಗತಿ. ಕಾಡು ಉಳಿಯಬೇಕೆಂಬುದೂ, ಕಾಡಂಚಿನವರ ಹಾದಿ ಮೊದಲೇ ದಾಖಲಾಗಬೇಕೆಂಬುದೂ ಒಂದಕ್ಕೊಂದು ಎದುರಾದ ಮಾತುಗಳಲ್ಲ.

ಎರಡನೆಯದು ಭೂಕಂದಾಯ ಅಧಿನಿಯಮದ 68ನೇ ಕಲಮು. ಸಾರ್ವಜನಿಕ ದಾರಿಯೊಂದು ಇನ್ನು ಜನರಿಗೆ ಬೇಕಿಲ್ಲವೆಂದು ಜಿಲ್ಲಾಧಿಕಾರಿಗೆ ತೋರಿದರೆ, ಆಕ್ಷೇಪಣೆ ಕರೆದು, ಕೇಳಿ, ಆ ಮೇಲೆಯೇ ಅದರ ಮೇಲಿನ ಜನರ ಹಕ್ಕನ್ನು ಕೊನೆಗಾಣಿಸಬೇಕು. ಒಬ್ಬ ರೈತನೋ ಒಂದು ಬಡಾವಣೆಯ ಮಾಲೀಕನೋ ತಾನಾಗಿ ನಕಾಶೆಯ ದಾರಿಯನ್ನು ಮುಚ್ಚುವಂತಿಲ್ಲವೆಂಬುದು ಇದರ ತಾತ್ಪರ್ಯ. ಕಲಬುರಗಿಯಂತೆ ಹೊಲಗಳ ಕಡೆಗೆ ಚಾಚುತ್ತಿರುವ ನಗರಗಳಲ್ಲಿ ಈ ಕಲಮು ನೆನಪಿಡಬೇಕಾದದ್ದು. ನಗರದ ಮಹಾಯೋಜನೆಗೂ ಇಂಥದೇ ಹಂತವಿದೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದಂತೆ ಯೋಜನೆಯ ನಕಾಶೆಯನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕರೆಯಬೇಕು. ಉದ್ಯಾನ ಎಲ್ಲಿ, ರಸ್ತೆ ಎಲ್ಲಿ, ಕೆರೆಯಂಗಳ ಎಷ್ಟು ಎಂಬುದು ತೀರ್ಮಾನವಾಗುವುದು ಆಗ.

ಮೂರನೆಯದು ಹೊಸದು. 2020ರ ಏಪ್ರಿಲ್ 24ರಂದು ಕೇಂದ್ರ ಸರಕಾರ ಆರಂಭಿಸಿದ ಸ್ವಾಮಿತ್ವ ಯೋಜನೆಯ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಹಿಂದಿನ ಮೋಜಣಿ ಹೊಲಗಳನ್ನು ಅಳೆದಿತ್ತು. ಮನೆಗಳಿರುವ ಗಾವಠಾಣವನ್ನು ಒಂದೇ ತುಂಡೆಂದು ಬಿಟ್ಟಿತ್ತು. ಈಗ ಮನೆಗಳ ಗಡಿಗೆ ಸುಣ್ಣದ ಗುರುತು ಹಾಕಿ, ಡ್ರೋನ್ ಹಾರಿಸಿ ಚಿತ್ರ ತೆಗೆದು ಕರಡು ನಕಾಶೆ ಮಾಡುತ್ತಾರೆ. ಅದನ್ನು ಊರವರಿಗೆ ತೋರಿಸಿ ಆಕ್ಷೇಪಣೆ ಕೇಳಿ ಆಮೇಲೆ ಆಸ್ತಿ ಪತ್ರ ಕೊಡಬೇಕು. ತನ್ನ ಮನೆಯ ಗೆರೆ ಸರಿಯಿದೆಯೇ ಎಂದು ಎಲ್ಲರೂ ನೋಡಿಕೊಳ್ಳುತ್ತಾರೆ. ಎರಡು ಮನೆಗಳ ನಡುವೆ ಬಾವಿಗೆ, ಗುಡಿಗೆ, ಮಸೂತಿಗೆ ಹೋಗುವ ಸಂದಿ ಯಾರ ಲೆಕ್ಕಕ್ಕೆ ಸೇರಿತೆಂದು ನೋಡುವವರು ಕಡಿಮೆ. ಎಲ್ಲರದಾದದ್ದಕ್ಕೆ ಅರ್ಜಿ ಹಾಕುವವರಿಲ್ಲವೆಂಬ ಹಳೆಯ ತೊಂದರೆ ಡ್ರೋನಿನ ಕಾಲದಲ್ಲೂ ಹಾಗೆಯೇ ಇದೆ.

ಗಾಯರಾಣದ ಪಾಠ

ಆ ತೊಂದರೆ ಎಷ್ಟು ದುಬಾರಿಯೆಂದು ಗಾಯರಾಣಗಳು ತೋರಿಸಿವೆ. ಊರ ದನಗಳಿಗೆಂದು ಬಿಟ್ಟ ಈ ನೆಲ ನಡೆಯುವವನಿಗೂ ತೆರೆದ ಬಯಲಾಗಿತ್ತು. ನೂರು ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆಯಂತೆ ಉಚಿತ ಹುಲ್ಲುಗಾವಲು ಕಾದಿರಿಸಬೇಕೆಂದು 1966ರ ನಿಯಮಗಳು ಹೇಳುತ್ತವೆ. ಆದರೂ ಸಾಗುವಳಿ, ಕಟ್ಟಡ, ಸರಕಾರಿ ಕೆಲಸ ಎಂದು ತುಂಡುತುಂಡಾಗಿ ಗಾಯರಾಣ ಕರಗುತ್ತ ಬಂದದ್ದು ರಾಜ್ಯದ ಉದ್ದಗಲದ ಕತೆ. ಊರೊಟ್ಟಿನ ಜಾಗಗಳ ಒತ್ತುವರಿ ತೆರವಿಗೆ ಎಲ್ಲ ರಾಜ್ಯಗಳೂ ಯೋಜನೆ ರೂಪಿಸಬೇಕೆಂದು 2011ರ ಜನವರಿ 28ರಂದು ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆದೇಶಿಸಿತು. ತೀರ್ಪು ಬಂತು, ಆದರೆ ಊರಿನವರಿಗೇ ತಮ್ಮ ಗಾಯರಾಣದ ಗಡಿ ಗೊತ್ತಿಲ್ಲದಿದ್ದರೆ ತೆರವು ಎಲ್ಲಿಂದ ಎಲ್ಲಿಯವರೆಗೆ?

ಗಡಿಯನ್ನೇ ದಾರಿ ಮಾಡಿದ ಉದಾಹರಣೆ ಪಕ್ಕದಲ್ಲಿದೆ. ಸೀಗಿ ಹುಣ್ಣಿಮೆಗೆ ಕಲಬುರಗಿ ಸೀಮೆಯ ಭಕ್ತರು ಕಾಲ್ನಡಿಗೆಯಲ್ಲಿ ಹೋಗುವ ತುಳಜಾಪುರ ಒಂದು ಕಾಲಕ್ಕೆ ಇದೇ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಈಗ ಮಹಾರಾಷ್ಟ್ರದಲ್ಲಿದೆ. ಆ ರಾಜ್ಯದ 1966ರ ಭೂಕಂದಾಯ ಸಂಹಿತೆಯ 143ನೇ ಕಲಮಿನಂತೆ ಒಳಹೊಲದ ರೈತ ಅರ್ಜಿ ಕೊಟ್ಟರೆ ತಹಸೀಲ್ದಾರನು ಅಕ್ಕಪಕ್ಕದ ಹೊಲಗಳ ಗಡಿಯ ಮೇಲೆ ದಾರಿ ಮಾಡಿಕೊಡಬಹುದು. ಇಬ್ಬರಿಗೂ ಆದಷ್ಟು ಕಡಿಮೆ ನಷ್ಟವಾಗುವಂತೆ ಬದುವಿನ ಆಚೀಚೆ ನೆಲ ಬಿಡುವ ಈ ಉಪಾಯ ಹಳ್ಳಿಯ ಹಿರಿಯರ ಪಂಚಾಯ್ತಿಯ ಬುದ್ಧಿವಂತಿಕೆಯನ್ನೇ ಹೋಲುತ್ತದೆ.

ಕಮಲಾಪುರ 2018ರಲ್ಲಿ ಪ್ರತ್ಯೇಕ ತಾಲ್ಲೂಕಾಯಿತು. 2017ರ ಅಕ್ಟೋಬರ್‌ನಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗವೂ ತೆರೆದು ಊರಿಗೆ ನಿಲ್ದಾಣ ಬಂತು. ತಾಲ್ಲೂಕು, ರೈಲು, ಹೆದ್ದಾರಿ, ಬಡಾವಣೆ ಪ್ರತಿಯೊಂದೂ ತನ್ನದೇ ನಕಾಶೆಯೊಂದಿಗೆ ಬರುತ್ತದೆ. ಪ್ರತಿ ನಕಾಶೆಯೂ ಒಂದಷ್ಟು ದಿನ ಕರಡಾಗಿರುತ್ತದೆ. ಜಮೀನು ಹೋಗುವವನಿಗೆ ನೋಟೀಸು ಮನೆಗೆ ಬರುತ್ತದೆ. ದಾರಿ ಹೋಗುವವನಿಗೆ ಬರುವುದಿಲ್ಲ. ಅವನಿಗೆ ಪತ್ರಿಕೆಯ ಮೂಲೆಯ ಪ್ರಕಟಣೆ, ಚಾವಡಿ ಗೋಡೆಯ ಕಾಗದವೇ ನೋಟೀಸು.

ಊರ ನಕಾಶೆಯನ್ನು ಈಗ ಕಂದಾಯ ಇಲಾಖೆಯ ಅಂತರ್ಜಾಲ ತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಸರ್ವೆ ನಂಬರನ್ನು ಮೊಬೈಲಿನಲ್ಲೇ ತೋರಿಸುವ ‘ದಿಶಾಂಕ್’ ಕೂಡ ಇದೆ. ಪಟವಾರಿಯ ದಫ್ತರದಲ್ಲಿ ಬಟ್ಟೆ ಸುತ್ತಿಟ್ಟಿದ್ದ ಗುಟ್ಟು ಈಗ ಗುಟ್ಟಲ್ಲ. ಗ್ರಾಮಸಭೆಯಲ್ಲಿ ಒಮ್ಮೆ ಅದನ್ನು ಗೋಡೆಗೆ ಹಚ್ಚಿ, ಕೂಲಿಗೆ ಹೋಗುವ ಹೆಣ್ಣುಮಕ್ಕಳನ್ನೂ ಕುರಿಗಾರರನ್ನೂ ಕೂರಿಸಿಕೊಂಡು, ಅವರು ನಡೆಯುವ ಹಾದಿಗಳಲ್ಲಿ ಎಷ್ಟು ಅದರಲ್ಲಿವೆ, ಎಷ್ಟು ಇಲ್ಲ ಎಂದು ಎಣಿಸಿದರೆ ಒಂದು ಮಧ್ಯಾಹ್ನದ ಕೆಲಸ. ಇಲ್ಲದ ದಾರಿಗಳ ಪಟ್ಟಿಯೊಂದು ಪಂಚಾಯ್ತಿಯ ಠರಾವಿನಲ್ಲಿ ಸೇರಿದರೆ, ನಾಳೆ ಬೇಲಿ ಬಿದ್ದಾಗ ಅದೂ ಒಂದು ಸಾಕ್ಷಿ. ಹಳೆಯ ಮೋಜಣಿದಾರ ಕೇಳದೆ ಬಿಟ್ಟ ಪ್ರಶ್ನೆಯನ್ನು ಊರವರೇ ಈಗ ಕೇಳಿಕೊಳ್ಳಲು ಯಾವ ಕಾಯ್ದೆಯೂ ಅಡ್ಡ ಬರುವುದಿಲ್ಲ.